ಕೂತವಳ ಗುಡ್ಡಕ್ಕೆ ಮೂವತ್ತೊಂದು ಹೊರೆ

"ಇಪ್ಪತ್ತು ನಿಮಿಷ ಗುಡ್ಡ ಹತ್ತಿಸಿ, ಕೊನೆಗೆ ಏನೂ ಕೊಡದೆ ವಾಪಸ್ ಕಳಿಸೋ ದೇವರನ್ನ ಯಾರು ನಂಬ್ತಾರೆ? ತೆಗೆದುಬಿಡಿ."

ಮಾತು ಕಿವಿಗೆ ಬಿದ್ದದ್ದೇ ತಡ, ಮೇಜಿನ ಆ ತುದಿಯಲ್ಲಿ ಕೂತಿದ್ದವಳು ಪೆನ್ನಿಗೆ ಮುಚ್ಚಳ ಹಾಕಿ ಎದ್ದು ನಿಂತಳು.

ಹೇಳಿದವನು ಹೊಸಬ. ಕೆಲಸಕ್ಕೆ ಸೇರಿ ಮೂರೇ ದಿನವಾಗಿತ್ತು. ಪಾಪ, ಯಾರ ದೇವರ ಮೇಲೆ ಕೈ ಹಾಕುತ್ತಿದ್ದೇನೆ ಎಂದು ಅವನಿಗೆ ಗೊತ್ತಿರಲಿಲ್ಲ.

ಅದು ಕಂಪ್ಯೂಟರ್ ಆಟಗಳನ್ನು ತಯಾರಿಸುವ ಕಚೇರಿ. ಎರಡನೇ ಮಹಡಿ, ನಲವತ್ತು ಜನ, ಒಂದೇ ಒಂದು ಸರಿಯಾಗಿ ಕೆಲಸ ಮಾಡುವ ಫ್ಯಾನು. ಅಲ್ಲಿ ತಯಾರಾಗುತ್ತಿದ್ದ ದೊಡ್ಡ ಆಟದಲ್ಲಿ ಮೂರು ರಾಜ್ಯ, ಮೂರು ಮತ. ಆ ಮತಗಳನ್ನು ಹುಟ್ಟಿಸುವುದೇ ಇವಳ ಕೆಲಸ. ಯಾರು ದೇವರು, ಜನ ಯಾರ ಮೇಲೆ ಆಣೆ ಇಡುತ್ತಾರೆ, ಸತ್ತವರನ್ನು ಹೇಗೆ ಬೀಳ್ಕೊಡುತ್ತಾರೆ... ಎಲ್ಲವನ್ನೂ ಕೂತು ಬರೆಯಬೇಕು. ಕಚೇರಿಯಲ್ಲಿ ಎಲ್ಲರೂ ಅವಳನ್ನು ಪುರಾಣಮ್ಮ ಎಂದೇ ಕರೆಯುತ್ತಿದ್ದರು. ವಯಸ್ಸು ಇಪ್ಪತ್ತೊಂಬತ್ತು. ಕೋಪ ಮಾತ್ರ ಯಾವಾಗಲೂ ಮೂಗಿನ ತುದಿಯಲ್ಲಿ.

ಮೊದಲ ಎರಡು ಮತಗಳನ್ನು ಒಂದೇ ವಾರದಲ್ಲಿ ಬರೆದು ಬಿಸಾಡಿದ್ದಳು. ಸಿಡಿಲು, ಕತ್ತಿ, ವರ, ಶಾಪ. ಆಡುವವರಿಗೆ ಬೇಕಾದದ್ದೆಲ್ಲ ಅದರಲ್ಲಿತ್ತು.

ಮೂರನೆಯದಕ್ಕೆ ಎಂಟು ತಿಂಗಳು ಹಿಡಿಯಿತು. ಅದರ ದೇವರ ಹೆಸರು ಕೂತವಳು. ಗುಡ್ಡದ ತುದಿಯಲ್ಲಿ ಕೂತಿರುತ್ತಾಳೆ, ಅಷ್ಟೆ. ವರ ಕೊಡುವುದಿಲ್ಲ, ಶಾಪ ಹಾಕುವುದಿಲ್ಲ, ಬಾಯಿಯನ್ನೇ ಬಿಡುವುದಿಲ್ಲ. ಈ ಮತದಲ್ಲಿ ಯಾರೂ ತಮಗಾಗಿ ಪ್ರಾರ್ಥಿಸುವಂತಿಲ್ಲ. ಮನಸ್ಸಿನಲ್ಲಿರುವುದನ್ನು ಗುಡ್ಡದ ಕೆಳಗಿನ ಹೊಸ್ತಿಲಲ್ಲಿ ಹೆಸರು ಹಾಕದೆ ಬರೆದಿಟ್ಟು ಹೋಗಬೇಕು. ಮುಂದೆ ಬರುವ ಅಪರಿಚಿತ ಅದನ್ನು ಹೊರೆಯ ಹಾಗೆ ಬೆನ್ನಿಗೇರಿಸಿಕೊಂಡು, ಗುಡ್ಡ ಹತ್ತಿ, ಕೂತವಳ ಮುಂದೆ ಓದಿ, ಇಳಿದು ಬಂದು ಹೊಸ್ತಿಲ ಪಕ್ಕ ಒಂದು ಕಲ್ಲಿಡಬೇಕು. ನಿನ್ನ ಮಾತನ್ನು ಯಾರೋ ಹೊತ್ತರು ಎಂಬುದಕ್ಕೆ ಅದೊಂದೇ ಗುರುತು.

"ಕೂತವಳ ದಾಖಲೆ ಪೂರ್ತಿ ಓದಿದ್ದೀರಾ?" ಎಂದಳು ಪುರಾಣಮ್ಮ.

"ಮೊದಲ ನಾಲ್ಕು ಪುಟ ಓದಿದೆ."

"ಅರವತ್ತೆರಡು ಪುಟ ಇದೆ."

"ನಾನೂ ಅದನ್ನೇ ಹೇಳ್ತಿರೋದು."

ಇಡೀ ಕೋಣೆ ನಕ್ಕಿತು. ಅವಳು ನಗಲಿಲ್ಲ.

"ಓದೋ ತಾಳ್ಮೆ ಇಲ್ಲದವರು ಕತ್ತರಿ ಹಿಡ್ಕೊಂಡು ಬರಬಾರದು. ಮೊದಲು ಒಂದು ಹೊರೆ ಹೊತ್ತು ನಡೀರಿ, ಆಮೇಲೆ ಮಾತಾಡಿ."

ಅವನೂ ಬಿಡುವವನಲ್ಲ. "ನಡೀತೀನಿ. ನಡೆದು ಬಂದಮೇಲೂ ತೆಗೀರಿ ಅಂದ್ರೆ?"

"ಕತ್ತರಿ ನಾನೇ ಕೈಗೆ ಕೊಡ್ತೀನಿ."

ಇಬ್ಬರ ಕಣ್ಣೂ ಒಂದು ಕ್ಷಣ ಅಲ್ಲೇ ನಿಂತವು. ಅವಳ ಎದೆ ಯಾಕೋ ಹೊಡೆದುಕೊಂಡಿತು. ಕೋಪಕ್ಕೆ ಎಂದುಕೊಂಡಳು. ನಾವೂ ಸದ್ಯಕ್ಕೆ ಹಾಗೇ ಅಂದುಕೊಳ್ಳೋಣ.

ಅಂದಿನಿಂದ ಅವನಿಗೆ ಕಚೇರಿಯಲ್ಲಿ ಕತ್ತರಿ ಎಂಬ ಹೆಸರೇ ನಿಂತಿತು. ಸಂಸ್ಥೆ ನಡೆಸುತ್ತಿದ್ದ ದೊಡ್ಡ ಮೇಡಂ ಆ ಹೊಸ್ತಿಲನ್ನೂ ಗುಡ್ಡವನ್ನೂ ಕಟ್ಟುವ ಕೆಲಸವನ್ನು ಬೇಕೆಂದೇ ಅವನಿಗೆ ವಹಿಸಿದರು.

* * *

ಹೊಸ್ತಿಲು ಪರೀಕ್ಷೆಗೆ ಸಿದ್ಧವಾದ ದಿನದಿಂದ ಪುರಾಣಮ್ಮ ಮಧ್ಯಾಹ್ನ ಊಟಕ್ಕೆ ಕೆಳಗೆ ಹೋಗುವುದನ್ನು ಬಿಟ್ಟಳು.

ಒಂದು ಗಂಟೆಗೆ ಎಲ್ಲರೂ ಡಬ್ಬಿ ಹಿಡಿದು ಇಳಿದ ಮೇಲೆ ಒಬ್ಬಳೇ ಆಟದೊಳಗೆ ಹೋಗಿ, ಹೊಸ್ತಿಲ ಮುಂದೆ ಮಂಡಿಯೂರಿ ಹತ್ತು ನಿಮಿಷ ಬರೆಯುತ್ತಿದ್ದಳು. ಪರೀಕ್ಷೆಗೆ ಎಂದು ಶುರುವಾದದ್ದು. ಮೂರನೇ ದಿನಕ್ಕೇ ಅದು ಪರೀಕ್ಷೆಯಾಗಿ ಉಳಿಯಲಿಲ್ಲ.

ಅವಳಪ್ಪ ಟೈಲರ್. ಅಳತೆ ತೆಗೆಯುವಾಗಲೂ ಗಿರಾಕಿಗೆ ಒಂದು ಕಥೆ ಹೇಳದೆ ಬಿಡದ ಬಾಯಿ. ಹದಿನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆದು ಆ ಬಾಯಿ ನಿಂತುಹೋಯಿತು. ಆ ದಿನ ಅವರು ಒಳಗಿನ ಕೋಣೆಯಿಂದ ಮೂರು ಸಲ ಮಗಳನ್ನು ಕರೆದಿದ್ದರು. ಮಗಳು ಕಂಪ್ಯೂಟರಿನಿಂದ ತಲೆ ಎತ್ತದೆ "ಆಮೇಲೆ, ಅಪ್ಪಾ" ಅಂದಿದ್ದಳು. ನಾಲ್ಕನೇ ಸಲ ಅವರು ಕರೆಯಲಿಲ್ಲ.

ಅಂದಿನಿಂದ ಅವಳಿಗೆ ಅಪ್ಪನ ಕೋಣೆಗೆ ಹೋಗುವುದೆಂದರೆ ಕಾಲೇ ಬರುತ್ತಿರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ. ಹೊಸ್ತಿಲಿಗೆ ಹೇಳಿದಳು.

'ನಿನ್ನೆಯೂ ಅವರ ಬಾಗಿಲವರೆಗೆ ಹೋಗಿ ವಾಪಸ್ ಬಂದೆ.'

'ಅವರು ನನ್ನನ್ನು ನೋಡಿದಾಗ ಏನು ಯೋಚಿಸುತ್ತಾರೋ ಗೊತ್ತಿಲ್ಲ. ಅದೇ ಭಯ.'

'ನಾನು ಅಂದ ಒಂದು "ಆಮೇಲೆ" ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಯಾರಾದರೂ ತೆಗೆದುಕೊಂಡು ಹೋಗಿ.'

ಇದನ್ನೆಲ್ಲ ಯಾರೂ ಓದುವುದಿಲ್ಲ ಎಂಬ ಧೈರ್ಯ ಅವಳಿಗೆ. ಆಟ ಇನ್ನೂ ಹೊರಗೆ ಬಂದಿಲ್ಲ. ಬೇರೆ ಆಟಗಾರರಿಲ್ಲದಾಗ ಯಂತ್ರವೇ ಒಂದು ಬೊಂಬೆಯನ್ನು ಕಳಿಸಿ ಹೊರೆ ಹೊರಿಸುತ್ತದೆ ಎಂದು ದಾಖಲೆಯಲ್ಲಿ ಅವಳೇ ಬರೆದಿದ್ದಳಲ್ಲ. ಮರುದಿನ ಹೊಸ್ತಿಲ ಪಕ್ಕ ಕಲ್ಲು ಕಂಡಾಗ, ಬೊಂಬೆ ಇಟ್ಟ ಕಲ್ಲು ಎಂದು ಗೊತ್ತಿದ್ದೂ ಸಮಾಧಾನವಾಗುತ್ತಿತ್ತು. ಇಪ್ಪತ್ತು ಕಲ್ಲುಗಳಾದ ಸಂಜೆ ಅವಳು ಅಪ್ಪನ ಬಾಗಿಲು ದಾಟಿ ಒಳಗೆ ಹೋದಳು. ಏನೂ ಮಾತಾಡಲಿಲ್ಲ, ಹೊದಿಕೆ ಸರಿಮಾಡಿ ಕಾಲ ಹತ್ತಿರ ಕೂತಳು.

ಇತ್ತ ಕತ್ತರಿ ದಿನಾ ಮಧ್ಯಾಹ್ನ ಎರಡು ಗಂಟೆಗೆ ಅವಳ ಮೇಜಿನ ಹತ್ತಿರ ಹಾಜರು.

"ಹೊತ್ತವನ ಬೆನ್ನು ಬಾಗಬೇಕಾ?"

"ಮಾತು ಎಷ್ಟು ಭಾರವೋ ಅಷ್ಟು ಬಾಗಬೇಕು."

"ಯಾವ ಮಾತು ಭಾರ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗುತ್ತೆ?"

"ಯಂತ್ರಕ್ಕೆ ಗೊತ್ತಾಗಲ್ಲ. ಹೊತ್ತವನಿಗೆ ಗೊತ್ತಾಗುತ್ತೆ."

ಅವಳು ಜಗಳಕ್ಕೆ ತಯಾರಾಗಿಯೇ ಕೂತಿದ್ದಳು. ಆದರೆ ಅವನು "ಹೌದು... ಗೊತ್ತಾಗುತ್ತೆ" ಎಂದು ಹೊರಟುಹೋದ.

ದಿನ ಕಳೆದಂತೆ ಅವನ ಜಗಳಗಳು ಸಣ್ಣವಾದವು, ನಿಲ್ಲುವ ಹೊತ್ತು ದೊಡ್ಡದಾಯಿತು. ಗುಡ್ಡದ ದಾರಿಯಲ್ಲಿ ದಣಿದವರಿಗೆ ಒರಗಲು ಒಂದು ಗೋಡೆ ಕಟ್ಟಿದ್ದ, ಯಾರೂ ಹೇಳದೆ. "ಇದು ದಾಖಲೆಯಲ್ಲಿಲ್ಲ" ಎಂದಳು. "ನಡೆದವರಿಗೆ ಬೇಕು ಅನ್ಸುತ್ತೆ" ಎಂದ.

ಇವನು ಅಷ್ಟೇನೂ ಕೆಟ್ಟವನಲ್ಲ... ಎಂದು ಅವಳ ಮನಸ್ಸು ಮೆಲ್ಲಗೆ ಹೇಳಿತು. ಎರಡು ಗಂಟೆಗೆ ಸರಿಯಾಗಿ ಕೂದಲು ಸರಿಮಾಡಿಕೊಳ್ಳುವ ಹೊಸ ಅಭ್ಯಾಸವೊಂದು ಶುರುವಾಗಿದ್ದನ್ನು ಅವಳು ಗಮನಿಸಲಿಲ್ಲ. ಪಕ್ಕದ ಮೇಜಿನ ಚಷ್ಮಾ ಅಕ್ಕ ಗಮನಿಸಿದರು. ಆಟದ ತಪ್ಪುಗಳನ್ನು ಹುಡುಕುವ ವಿಭಾಗ ಅವರದ್ದು. ಅವರ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ.

* * *

ದೊಡ್ಡ ಮೇಡಂ ಕರೆದ ಸಭೆಯಲ್ಲಿ ಪ್ರತಿಯೊಬ್ಬರ ಮುಂದೆಯೂ ಒಂದು ಹಾಳೆ ಇತ್ತು.

"ಆಟ ಆಡಿ ನೋಡೋ ಹೊರಗಿನ ಪರೀಕ್ಷೆಯವರು ಹೊಸ್ತಿಲಲ್ಲಿ ಬರೆದಿದ್ದು ಇದು. ಓದಿ. ಓದಿ ನನಗೇ ಕಣ್ಣಲ್ಲಿ ನೀರು ಬಂತು" ಎಂದರು ಮೇಡಂ. "ಇಷ್ಟು ನೊಂದವರ ಎದುರು ದೇವರು ಬಾಯಿ ಮುಚ್ಕೊಂಡು ಕೂತಿರಬೇಕಾ? ಕೂತವಳು ಮಾತಾಡಬೇಕು. 'ಮಗೂ, ನಿನ್ನನ್ನ ಕ್ಷಮಿಸಿದ್ದೀನಿ' ಅನ್ನಬೇಕು. ಒಳ್ಳೆ ದನಿ ಸಿಕ್ಕಿದೆ, ಗುರುವಾರ ಎಲ್ಲರಿಗೂ ಕೇಳಿಸ್ತೀನಿ."

ಪುರಾಣಮ್ಮ ಹಾಳೆಯ ಮೊದಲ ಸಾಲು ನೋಡಿದಳು.

'ನಿನ್ನೆಯೂ ಅವರ ಬಾಗಿಲವರೆಗೆ ಹೋಗಿ...'

ಅಮ್ಮನಿಗೂ ಹೇಳದ ಮಾತು ನಲವತ್ತು ಜನರ ಕೈಯಲ್ಲಿ! ಪಕ್ಕದಲ್ಲಿ ಯಾರೋ "ಛೇ, ಪಾಪ" ಎಂದರು. ಇನ್ಯಾರೋ ಬಿಸ್ಕತ್ತಿನ ಚೂರು ಆ ಹಾಳೆಯ ಮೇಲೆಯೇ ಬೀಳಿಸಿಕೊಂಡು ತಿನ್ನುತ್ತಿದ್ದರು.

"ಇದನ್ನ ತಂದುಕೊಟ್ಟಿದ್ದು ಯಾರು?" ಎಂದು ಕೇಳಿದಳು.

"ನಮ್ಮ ಕತ್ತರಿಯೇ" ಎಂದರು ಮೇಡಂ.

ಸಭೆ ಮುಗಿದದ್ದೇ ಮೆಟ್ಟಿಲ ಹತ್ತಿರ ಅವನನ್ನು ಅಡ್ಡಗಟ್ಟಿದಳು. ಹಾಳೆಯನ್ನು ಅವನ ಎದೆಗೆ ಒತ್ತಿದಳು.

"ಬೇರೆಯವರ ಎದೆಯೊಳಗಿನದ್ದನ್ನ ಓದಿ ಹಂಚೋಕೆ ನಾಚಿಕೆ ಆಗಲಿಲ್ವಾ?"

"ಸ್ವಲ್ಪ ಕೇಳಿ, ನಾನು ಕೊಟ್ಟಿದ್ದು ಇದಕ್ಕಲ್ಲ. ದೇವರು ಸುಮ್ಮನಿರೋದಕ್ಕೇ ಜನ ಇಷ್ಟು ಬಾಯಿ ಬಿಡ್ತಿದ್ದಾರೆ, ಇದನ್ನ ತೆಗೀಬೇಡಿ ಅಂತ ತೋರಿಸೋಕೆ..." ಎನ್ನುತ್ತಿದ್ದವನು ಅವಳ ಕಣ್ಣು ನೋಡಿ ನಿಂತುಬಿಟ್ಟ. ಅವನ ಮುಖದ ಬಣ್ಣವೇ ಇಳಿಯಿತು. "ಇದು... ನಿಮ್ಮದಾ?"

"ಕಳ್ಳನಿಗೆ ಮನೆ ಯಾರದ್ದು ಅಂತ ಕೇಳೋ ಹಕ್ಕಿಲ್ಲ."

"ನನಗೆ ಗೊತ್ತಿರಲಿಲ್ಲ. ನಿಜವಾಗ್ಲೂ..."

"ಇನ್ನು ಎರಡು ಗಂಟೆಗೆ ನನ್ನ ಮೇಜಿನ ಹತ್ತಿರ ಬರಬೇಡಿ."

ಎರಡು ದಿನ ಅವನು ಬರಲಿಲ್ಲ. ಬರಬೇಡ ಎಂದವಳೇ ಎರಡು ದಿನವೂ ಗಡಿಯಾರ ನೋಡಿದಳು. ನೋಡಿದ್ದಕ್ಕೆ ತನ್ನ ಮೇಲೆಯೇ ಉರಿದುಬಿದ್ದಳು. ರಾಜೀನಾಮೆ ಪತ್ರವನ್ನೂ ಬರೆದಿಟ್ಟಳು.

* * *

ಬುಧವಾರ ಮಧ್ಯಾಹ್ನ ಚಷ್ಮಾ ಅಕ್ಕ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು.

"ಏನೇ, ಮುಖ ಇಷ್ಟು ಊದಿಸ್ಕೊಂಡಿದ್ದೀಯಾ?"

"ಅಕ್ಕಾ, ಹೊರಗಿನ ಪರೀಕ್ಷೆಯವರು ಎಷ್ಟು ಜನ ಇದ್ದಾರೆ? ಅವರೂ ಎಲ್ಲ ಓದಿರ್ತಾರಲ್ಲ?"

"ಯಾವ ಹೊರಗಿನವರು? ಹನ್ನೆರಡು ಜನ ಬರಬೇಕಿತ್ತು, ಅವರ ಕಾಗದಪತ್ರವೇ ಇನ್ನೂ ಮುಗಿದಿಲ್ಲ. ಕತ್ತರಿಗೂ ಇದನ್ನ ಯಾರೂ ಹೇಳಿರಲಿಲ್ಲವಂತೆ, ನಿನ್ನೆ ಬಂದು ನಿನ್ನ ಹಾಗೇ ಬೆಪ್ಪಾಗಿ ನಿಂತಿದ್ದ. ಆ ಲೋಕದೊಳಗೆ ಇಷ್ಟು ದಿನ ಇದ್ದಿದ್ದು ಎರಡೇ ಜೀವ ಕಣೆ. ಒಂದು ನೀನು, ಇನ್ನೊಂದು ಅವನು."

ಅವಳಿಗೆ ತಟ್ಟನೆ ಅರ್ಥವಾಗಲಿಲ್ಲ. "ಮತ್ತೆ ಬೊಂಬೆ? ಯಾರೂ ಇಲ್ಲದಾಗ ಹೊರೆ ಹೊರೋ ಬೊಂಬೆ?"

"ಅದನ್ನ ಅವನು ಇನ್ನೂ ಮಾಡೇ ಇಲ್ಲ."

ಅಕ್ಕ ತಮ್ಮ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆರೆದು ತೋರಿಸಿದರು. ಆಟದೊಳಗೆ ಯಾರು ಯಾವಾಗ ಎಲ್ಲಿ ನಡೆದರು ಎಂಬ ಪಟ್ಟಿ. ಮಧ್ಯಾಹ್ನ ಒಂದೂ ಕಾಲು, ಹೊಸ್ತಿಲಿಂದ ಗುಡ್ಡಕ್ಕೆ. ಒಂದೂ ಮೂವತ್ತೈದು, ಕೂತವಳ ಮುಂದೆ. ಮರುದಿನ ಮತ್ತೆ. ಅದರ ಮರುದಿನ ಮತ್ತೆ. ಒಂದು ಸಲವೂ ಓಡಿಲ್ಲ, ಒಂದು ಸಲವೂ ಅಡ್ಡದಾರಿ ಹಿಡಿದಿಲ್ಲ. ಅವಳು ಸಾಲುಗಳನ್ನು ಬೆರಳಿಟ್ಟು ಎಣಿಸಿದಳು. ಮೂವತ್ತೊಂದು.

ಅವಳು ಇಟ್ಟದ್ದೂ ಮೂವತ್ತೊಂದೇ.

"ಊಟದ ಹೊತ್ತಲ್ಲಿ ಇವನು ಎಲ್ಲಿ ಮಾಯ ಆಗ್ತಾನೆ ಅಂತ ನನಗೂ ಇತ್ತು" ಎಂದರು ಅಕ್ಕ. "ಎದುರು ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು ಗುಡ್ಡ ಹತ್ತುತ್ತಿದ್ದ."

ಪುರಾಣಮ್ಮನ ಕಣ್ಣು ತುಂಬಿ ಬಂತು. ಬೊಂಬೆಯದ್ದೆಂದು ತಿಳಿದಿದ್ದ ಒಂದೊಂದು ಕಲ್ಲನ್ನೂ ಒಬ್ಬ ಮನುಷ್ಯ ಹಸಿದ ಹೊಟ್ಟೆಯಲ್ಲಿ ಇಟ್ಟಿದ್ದ. ಒರಗಲು ಗೋಡೆ ಬೇಕು ಎಂದು ಅವನಿಗೆ ಗೊತ್ತಾದದ್ದು ಅವಳ ಮಾತು ಹೊತ್ತು ದಣಿದದ್ದರಿಂದ.

ಹಾಗೆಂದು ಕೋಪ ಪೂರ್ತಿ ಹೋಯಿತೇ? ಇಲ್ಲ. ಹೊತ್ತವನು ಅದನ್ನು ಇನ್ನೊಬ್ಬರ ಮುಂದೆ ಬಿಚ್ಚಿದ್ದ, ಅದೂ ನಿಜ. ಅತ್ತು ಮುಖ ತೊಳೆದುಕೊಂಡು ಬಂದು, ರಾಜೀನಾಮೆ ಪತ್ರವನ್ನು ಹರಿದಳು. ಓಡಿಹೋಗುವುದಕ್ಕೆ ಅವಳೇನು ತಪ್ಪು ಮಾಡಿದ್ದಳು?

* * *

ಗುರುವಾರ ದೊಡ್ಡ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ದೀಪ ಆರಿಸಿ ಪರದೆಯ ಮೇಲೆ ಗುಡ್ಡ ತೋರಿಸಿದರು. ಕೂತವಳು ಕಂಡಳು. ಆಮೇಲೆ ಒಂದು ದನಿ ಬಂತು. ಜೇನಿನಂಥ ದನಿ.

"ಮಗೂ... ನಿನ್ನನ್ನು ಕ್ಷಮಿಸಿದ್ದೇನೆ. ಎಲ್ಲವೂ ಸರಿಹೋಗುತ್ತದೆ."

ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. ಪುರಾಣಮ್ಮ ಎದ್ದು ಹೋಗಿ ದೀಪ ಹಾಕಿದಳು.

"ಮೇಡಂ, ಮೊನ್ನೆ ಹಂಚಿದ ಹಾಳೆಯಲ್ಲಿ ಇದ್ದಿದ್ದು ಹೊರಗಿನವರ ಮಾತಲ್ಲ. ನನ್ನದು."

ಮೂಲೆಯಲ್ಲಿ ನಿಂತಿದ್ದ ಕತ್ತರಿ ತಲೆ ಎತ್ತಿದ.

ಅವಳು ಎಲ್ಲರ ಕಡೆ ತಿರುಗಿದಳು. "ನನ್ನಪ್ಪ ಮೂರು ಸಲ ಕರೆದಾಗ ನಾನು ಏಳಲಿಲ್ಲ. ಅವರಿಗೆ ಈಗ ಮಾತು ಬರಲ್ಲ. ಅದೇ ನಾನು ಬರೆದಿದ್ದು. ನೀವೆಲ್ಲ ಓದಿದ್ದೀರಿ, ಇನ್ನು ಮುಚ್ಚಿಡೋದೇನಿದೆ? ಆದ್ರೆ ಉತ್ತರ ಕೊಡಿ ಅಂತ ನಾನು ಒಂದು ಕಡೆಯೂ ಕೇಳಿಲ್ಲ. ನನ್ನನ್ನ ಕ್ಷಮಿಸೋ ಹಕ್ಕಿರೋದು ಒಬ್ಬರಿಗೇ. ಅವರು ಬಾಯಿ ಬಿಡೋಕೆ ಆಗ್ತಿಲ್ಲ. ಮಧ್ಯೆ ಯಾರೋ ಬಾಡಿಗೆ ದನಿಯವರು ಬಂದು 'ಕ್ಷಮಿಸಿದ್ದೀನಿ' ಅಂದ್ರೆ, ಅದು ದೇವರೇ ಆದ್ರೂ ನನಗೆ ಬೇಡ."

"ಹಾಗಾದ್ರೆ ಈ ಕಲ್ಲು ದೇವರಿಂದ ನಿನಗೇನು ಸಿಕ್ತು?" ಮೇಡಂ ಕೇಳಿದರು. ಗದರಿಕೆಯಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ.

"ಇಪ್ಪತ್ತನೇ ಕಲ್ಲು ಕಂಡ ದಿನ ಅಪ್ಪನ ಕೋಣೆಗೆ ಹೋದೆ. ದೇವರು ಕಳಿಸಿದ್ದಲ್ಲ, ನಾನೇ ಹೋದೆ. ನನ್ನ ಹೊರೆ ಅಷ್ಟು ಹೊತ್ತು ಬೇರೆಯವರ ಬೆನ್ನ ಮೇಲಿತ್ತು, ಅದಕ್ಕೇ ನನಗೆ ನಡೆಯೋಕಾಯ್ತು. ಈ ದನಿ ಸೇರಿಸೋದಾದ್ರೆ ನನ್ನ ಹೆಸರು ತೆಗೀರಿ. ಕೆಲಸದಿಂದ ತೆಗೆದ್ರೂ ಸರಿ. ಕೂತವಳು ಮಾತಾಡಲ್ಲ."

ಮೂಲೆಯಿಂದ ಕತ್ತರಿ ಮುಂದೆ ಬಂದ. "ಆ ದನಿಯನ್ನ ಆಟಕ್ಕೆ ಸೇರಿಸೋ ಕೆಲಸ ನನ್ನದು. ನಾನು ಸೇರಿಸಲ್ಲ."

"ಇಪ್ಪತ್ತು ನಿಮಿಷ ಯಾರು ನಡೀತಾರೆ ಅಂದವನು ನೀನೇ ಅಲ್ವೇನಯ್ಯಾ?"

"ನಾನೇ ಮೇಡಂ. ಆಗ ನಡೆದಿರಲಿಲ್ಲ."

ದೊಡ್ಡ ಮೇಡಂ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. ಅವರು ಮೂವತ್ತು ವರ್ಷ ಇದೇ ಕಸುಬಿನಲ್ಲಿ ತಲೆ ನರೆಸಿಕೊಂಡವರು.

"ಸರಿ. ದನಿ ಬೇಡ. ಆದ್ರೆ ದಾರಿ ಐದು ನಿಮಿಷಕ್ಕೆ ಇಳಿಸಿ."

"ಆಗಲ್ಲ." ಇಬ್ಬರೂ ಒಟ್ಟಿಗೇ ಹೇಳಿದರು.

"ಹತ್ತು?"

"ಇಪ್ಪತ್ತು" ಎಂದ ಅವನು.

ಮೇಡಂ ನಿಟ್ಟುಸಿರು ಬಿಟ್ಟರು. "ಆಟ ಬಿಡುಗಡೆಯಾಗಿ ಮೂರು ತಿಂಗಳು ನೋಡ್ತೀನಿ. ಜನ ಹೊರದೆ ಇದ್ರೆ ಗುಡ್ಡವೂ ಹೋಗುತ್ತೆ, ಅದರ ಜೊತೆ ನೀವಿಬ್ಬರೂ ಹೋಗ್ತೀರಿ. ಒಪ್ಪಿಗೆನಾ?"

"ಆಗಲಿ" ಎಂದಳು ಪುರಾಣಮ್ಮ.

* * *

ಸಂಜೆ ಬಸ್ ಸ್ಟಾಪಿನಲ್ಲಿ ಅವನು ಅವಳಿಗಿಂತ ನಾಲ್ಕು ಮಾರು ದೂರ ನಿಂತಿದ್ದ. ಅವಳೇ ಹತ್ತಿರ ಹೋದಳು.

"ಇವತ್ತು ಊಟ ಮಾಡಿದ್ರಾ?"

"ಮಾಡಿದೆ. ಹೊರೋಕೆ ಏನೂ ಇರಲಿಲ್ಲ."

ಅವಳಿಗೆ ನಗು ಬಂತು, ಆದರೆ ಬಿಟ್ಟುಕೊಡಲಿಲ್ಲ. "ನಲವತ್ತನೇ ಪುಟ ಓದಿದ್ದೀರಾ?"

"ಅರವತ್ತೆರಡೂ ಓದಿದ್ದೀನಿ. ಹೊತ್ತವರು ಅದನ್ನ ಇನ್ನೊಬ್ಬರ ಮುಂದೆ ಬಿಚ್ಚಬಾರದು. ಗೊತ್ತಿದ್ದೂ ಬಿಚ್ಚಿದೆ. ನಿಮ್ಮ ದೇವರನ್ನ ಉಳಿಸ್ತಿದ್ದೀನಿ ಅಂತ ನನಗೆ ನಾನೇ ಸಮಜಾಯಿಷಿ ಕೊಟ್ಕೊಂಡೆ. ತಪ್ಪು ತಪ್ಪೇ. ಕ್ಷಮಿಸಿ ಅಂತ ಕೇಳೋಕೂ ಭಯ, ನೀವು ಬೆಳಿಗ್ಗೆ ಅಷ್ಟು ಹೇಳಿದ ಮೇಲೆ."

"ಕೇಳಿ. ನನಗೆ ಮಾತು ಬರುತ್ತೆ."

"ಕ್ಷಮಿಸಿ."

"ಕ್ಷಮಿಸಿದ್ದೀನಿ. ಇನ್ನೊಂದು ಸಲ ಮಾಡಿದ್ರೆ ಕೊಂದುಹಾಕ್ತೀನಿ."

ಅವನು ಉಸಿರು ಬಿಟ್ಟ.

"ಇನ್ನೊಂದು ವಿಷಯ ಹೇಳಬೇಕು. ಆ ಮಾತುಗಳನ್ನ ಬರೆಯೋರು ಯಾರು ಅಂತ ಗೊತ್ತಿಲ್ಲದೇನೇ ನನಗೆ ಅವರ ಯೋಚನೆ ಹತ್ತಿತ್ತು. ಇವತ್ತು ಒಳಗೆ ಹೋದ್ರಾ, ಇಲ್ವಾ... ಅಂತ. ಇತ್ತ ಎರಡು ಗಂಟೆಗೆ ನಿಮ್ಮ ಜೊತೆ ಜಗಳ ಆಡದಿದ್ರೆ ದಿನಾನೇ ಹೋಗ್ತಿರಲಿಲ್ಲ. ಇಬ್ಬರು ಹೆಂಗಸರಿಗೆ ಒಟ್ಟಿಗೇ ಮೋಸ ಮಾಡ್ತಿದ್ದೀನಿ ಅಂತ ಒದ್ದಾಡಿಬಿಟ್ಟೆ."

"ಈಗ?"

"ಈಗ ಒಬ್ಬರೇ ಅಂತ ಗೊತ್ತಾಯ್ತು. ನನಗೆ ನೀವು ಬೇಕು. ಆದ್ರೆ ನಲವತ್ತೊಂದನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಯಾರದ್ದು ಅಂತ ತಿಳಿದ ಮೇಲೆ ಅವರ ಹೊರೆ ಹೊರಬಾರದು ಅಂತ. ಇನ್ನು ನಾನು ನಿಮಗೆ ಯಾವ ಪ್ರಯೋಜನಕ್ಕೆ? ಆ ಒಂದು ನಿಯಮ ಬದಲಾಯಿಸೋಕಾಗುತ್ತಾ?"

"ಆಗಲ್ಲ. ದೊಡ್ಡ ಮೇಡಂಗೋಸ್ಕರ ಬದಲಾಯಿಸದವಳು ನಿಮಗೋಸ್ಕರ ಬದಲಾಯಿಸ್ತೀನಾ?"

ಅವನ ಮುಖ ಸಪ್ಪಗಾಯಿತು. ಅವಳು ಒಂದು ಹೆಜ್ಜೆ ಹತ್ತಿರ ಬಂದು, ಅವನ ತೋಳಿನ ಮೇಲೆ ಕೈಯಿಟ್ಟಳು. ಎದೆ ಹೊಡೆದುಕೊಳ್ಳುತ್ತಿದ್ದುದು ಕೋಪಕ್ಕಲ್ಲ ಎಂದು ಈ ಸಲ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನನ್ನ ಹೊರೆ ಇನ್ನು ನಾನೇ ಹೊರ್ತೀನಿ. ನೀವು ಪಕ್ಕದಲ್ಲಿ ನಡೀರಿ. ನನಗೂ ನೀವೇ ಬೇಕು."

ಅವನು ಆ ಕೈಯ ಮೇಲೆ ತನ್ನ ಕೈಯಿಟ್ಟ.

"ಎಲ್ಲಿಗೆ ನಡೀಬೇಕು?"

"ಅಪ್ಪನ ಕೋಣೆಗೆ. ಇಪ್ಪತ್ತನೇ ಕಲ್ಲು ಕಂಡಾಗಿನಿಂದ ದಿನಾ ಹೋಗಿ ಕೂರ್ತೀನಿ, ಆದ್ರೆ ಬಾಯೇ ಬಂದಿಲ್ಲ. ಆ ದಿನ ಯಾಕೆ ಏಳಲಿಲ್ಲ ಅಂತ ಅವರ ಕಣ್ಣು ನೋಡಿ ಹೇಳಬೇಕು."

"ನನ್ನನ್ನ ನೋಡಿ ನಿಮ್ಮಪ್ಪ ಏನಾದ್ರೂ ಅಂದ್ಕೊಂಡ್ರೆ?"

"ಅಂದ್ಕೊಳ್ಳಲಿ. ಅವರು ಏನಾದ್ರೂ ಅನ್ನಲಿ ಅಂತಾನೇ ಹದಿನಾಲ್ಕು ತಿಂಗಳಿಂದ ಕಾಯ್ತಿದ್ದೀನಿ."

ಅವನು ತಲೆಯಾಡಿಸಿದ. "ಸರಿ. ನಾಳೆ ಎಷ್ಟು ಹೊತ್ತಿಗೆ ಬರಲಿ?"

"ನಾಳೆ ಯಾಕೆ? ಬಸ್ ಬಂತು, ಹತ್ತಿ."